ಇಡ್ಲಿಗೆ ಅಕ್ಕಿಯೇ ಬೇಕೇ?

ಹೊಸತನ್ನು ಮಾಡಲು ದೊಡ್ಡ ಬಂಡವಾಳ, ದೊಡ್ಡ ಲ್ಯಾಬು ಬೇಕು ಎಂಬ ಅಂಜಿಕೆ ನಮ್ಮ ಸಣ್ಣ ಉದ್ಯಮಿಗಳಲ್ಲಿ ಇನ್ನೂ ಇದೆ. ಬೆಂಗಳೂರಿನ ಎಂಟಿಆರ್ ಹೋಟೆಲು ನಡೆದುಬಂದ ದಾರಿ ನೋಡಿದರೆ ಆ ಅಂಜಿಕೆ ಅರ್ಧ ಇಳಿಯುತ್ತದೆ.

1. ಕೊರತೆ ಬಂದಾಗ ಪ್ರಶ್ನೆಯನ್ನೇ ಬದಲಿಸಿ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಇಡ್ಲಿ ಮಾರುವ ಹೋಟೆಲಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದಿದೆ? ಅಕ್ಕಿ ಎಲ್ಲಿ ಸಿಗುತ್ತದೆ ಎಂದು ಎಲ್ಲರೂ ಕೇಳುವ ಹೊತ್ತಿನಲ್ಲಿ ಎಂಟಿಆರ್ ಅಡುಗೆಮನೆ ಕೇಳಿದ್ದು, ಇಡ್ಲಿಗೆ ಅಕ್ಕಿಯೇ ಆಗಬೇಕೇ ಎಂದು. ರವೆ ಇಡ್ಲಿ ಹುಟ್ಟಿದ್ದು ಹಾಗೆ ಎನ್ನುತ್ತದೆ ಸಂಸ್ಥೆ. ಹುರಿದ ರವೆ, ಮೊಸರು, ಚಿಟಿಕೆ ಸೋಡಾ, ಮೇಲೊಂದು ಒಗ್ಗರಣೆ. ರುಬ್ಬುವ ಗೋಜಿಲ್ಲ, ಹಿಟ್ಟು ಹುಳಿ ಬರಲೆಂದು ರಾತ್ರಿಯಿಡೀ ಕಾಯುವುದೂ ಇಲ್ಲ. ಯುದ್ಧ ಮುಗಿದು ಅಕ್ಕಿ ಬಂದ ಮೇಲೂ ಅದು ತಟ್ಟೆಯಿಂದ ಇಳಿಯದಿರಲು ಈ ಸಲೀಸೂ ಕಾರಣ ಎಂದು ನನ್ನ ಎಣಿಕೆ.

2. ಇನ್ನೊಬ್ಬರ ಅಡುಗೆಮನೆ ನೋಡಿಬನ್ನಿ. ಎಂಟಿಆರ್ ನಡೆಸುತ್ತಿದ್ದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ನಡೆಯುವ ಬಗೆಯನ್ನು ಗಮನಿಸಿದರು. ಅಲ್ಲಿನ ಶುಚಿತ್ವದ ಶಿಸ್ತನ್ನು ಇಲ್ಲಿಗೆ ತಂದರು. ಲೋಟ, ತಟ್ಟೆಗಳನ್ನು ಕ್ರಿಮಿಶುದ್ಧ ಮಾಡುವ ಪದ್ಧತಿ ಬಂತು, ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡುವಂತಾಯಿತು. ನೀವು ಅಷ್ಟು ದೂರ ಹೋಗಬೇಕಿಲ್ಲ. ಬೇಕರಿಯವರು ಒಂದು ಮಧ್ಯಾಹ್ನ ಔಷಧಿ ಅಂಗಡಿಯಲ್ಲಿ ನಿಂತು, ಅವಧಿ ಮುಗಿಯುವ ಸರಕನ್ನು ಅವರು ಹೇಗೆ ಬೇರೆ ತೆಗೆದಿಡುತ್ತಾರೆ ಎಂದು ನೋಡಲಿ, ಸಾಕು.

3. ಎಷ್ಟು ಕಳೆದುಕೊಳ್ಳಬಹುದು ಎಂದು ಮೊದಲೇ ಗೊತ್ತುಮಾಡಿ. ಆ ಮೊತ್ತ ದಾಟಿದ ದಿನ ಪ್ರಯೋಗ ನಿಲ್ಲಲಿ.

4. ಒಂದು ಸಲಕ್ಕೆ ಒಂದೇ ಬದಲಾವಣೆ. ಚಕ್ಕುಲಿಯ ಪ್ಯಾಕೆಟ್ಟು, ಬೆಲೆ, ರುಚಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಮಾರಾಟ ಏರಿದ್ದು ಯಾವುದರಿಂದ ಎಂದು ದೇವರಿಗೇ ಗೊತ್ತು.

5. ಫಲಿಸದ್ದನ್ನೂ ಬರೆದಿಡಿ, ನಾಲ್ಕು ಜನರಿಗೆ ತೋರಿಸಿ. ಅಮೆರಿಕದ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್‌ಗೆ 1968ರಲ್ಲಿ ಬೇಕಿದ್ದದ್ದು ಗಟ್ಟಿ ಅಂಟು, ಸಿಕ್ಕಿದ್ದು ಸುಲಭವಾಗಿ ಬಿಟ್ಟುಕೊಳ್ಳುವ ಅಂಟು. ಅವರು ಅದನ್ನು ಸಹೋದ್ಯೋಗಿಗಳಿಗೆ ವರ್ಷಗಟ್ಟಲೆ ಹೇಳುತ್ತಲೇ ಇದ್ದರು. ಚರ್ಚಿನ ಹಾಡಿನ ಪುಸ್ತಕದಿಂದ ಪುಟದ ಗುರುತಿಗಿಟ್ಟ ಚೀಟಿಗಳು ಉದುರಿ ಬೇಸತ್ತಿದ್ದ ಸಹೋದ್ಯೋಗಿ ಆರ್ಟ್ ಫ್ರೈಗೆ ಆ ಅಂಟು ನೆನಪಾಯಿತು. 1980ರಲ್ಲಿ ಪೋಸ್ಟ್-ಇಟ್ ಚೀಟಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂತು.

6. ಕೌಂಟರಿನಲ್ಲಿ ನಿಲ್ಲುವವರನ್ನು ಕೇಳಿ. ಗಿರಾಕಿ ಏನು ಕೇಳಿ ಬರಿಗೈಲಿ ಹೋದ ಎಂಬುದು ಮಾಲೀಕರಿಗಿಂತ ಮೊದಲು ಅವರಿಗೆ ತಿಳಿದಿರುತ್ತದೆ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ನೋಟ್‌ಬುಕ್ ಇಡಿ. "ಸಕ್ಕರೆ ಇಲ್ಲದ್ದು ಇದೆಯಾ?", "ಅರ್ಧ ಕೆಜಿ ಕೊಡ್ತೀರಾ?" ಎಂಬ ಮಾತುಗಳು ಅವರು ಕೇಳಿಸಿಕೊಂಡ ಹಾಗೇ ಅದಕ್ಕೆ ಇಳಿಯಲಿ. ಬರೆದ ಸಿಬ್ಬಂದಿಯ ಹೆಸರೂ ಇರಲಿ. ಆ ಸಲಹೆಯಿಂದ ಲಾಭ ಬಂದರೆ ಅವರಿಗೂ ಪಾಲು ಕೊಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ.

7. ಪಕ್ಕದಲ್ಲೊಂದು ಬಾಗಿಲು ತೆರೆದಿಡಿ. ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆಗೆ ಸರ್ಕಾರ ಮಿತಿ ಹಾಕಿದಾಗ ಎಂಟಿಆರ್ ಹೋಟೆಲು ನಡೆಸುವುದೇ ಕಷ್ಟವಾಗಿ ಬಾಗಿಲು ಹಾಕಿತು. ಕೆಲಸಗಾರರ ಕೈ ಖಾಲಿಯಾಗದಂತೆ ಮಸಾಲೆ ಪುಡಿ, ದಿಢೀರ್ ಮಿಶ್ರಣಗಳತ್ತ ಹೊರಳಿತು. ಮುಂದೆ ಅದೇ ದೊಡ್ಡ ಉದ್ಯಮವಾಗಿ ಬೆಳೆದು, 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಅದನ್ನು ಕೊಂಡುಕೊಂಡಿತು.

8. ತಿಳಿದವರನ್ನು ಕೇಳಲು ಸಂಕೋಚ ಬೇಡ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) 1950ರಿಂದ ಆಹಾರ ತಂತ್ರಜ್ಞಾನದಲ್ಲೇ ಕೆಲಸ ಮಾಡುತ್ತಿದೆ. ಸಣ್ಣ ಉದ್ಯಮಿಗಳಿಗೆ ತರಬೇತಿ ಕೊಡುತ್ತದೆ, ತಾನು ರೂಪಿಸಿದ ತಂತ್ರಜ್ಞಾನವನ್ನು ಶುಲ್ಕಕ್ಕೆ ಒದಗಿಸುತ್ತದೆ. ಹೋಗುವಾಗ ನಿಮ್ಮ ತಿನಿಸಿನ ಸ್ಯಾಂಪಲ್ಲು, ಗಲ್ಲಾಪೆಟ್ಟಿಗೆಯ ಪಕ್ಕದ ಆ ನೋಟ್‌ಬುಕ್ ಎರಡೂ ಚೀಲದಲ್ಲಿರಲಿ.