ರಾಜ್ಯವಾಗಲು ಎಷ್ಟು ಜನ ಬೇಕು?

ನಮ್ಮೂರು ಜಾವಳಿ. ಹೇಮಾವತಿ ಹುಟ್ಟುವ ಊರೆಂದರೆ ಬಹುಮಂದಿಗೆ ಗುರುತು ಸಿಕ್ಕೀತು. ಊರಿನ ಪಡುವಣಕ್ಕೆ ಬಲ್ಲಾಳರಾಯನ ದುರ್ಗದ ಬೆಟ್ಟಸಾಲು. ಅದರಾಚೆ ಇಳಿದರೆ ಬೆಳ್ತಂಗಡಿ ತಾಲ್ಲೂಕು. 1956ರ ಅಕ್ಟೋಬರ್ 31ರವರೆಗೆ ಈಚೆಯದು ಮೈಸೂರು ರಾಜ್ಯ, ಆಚೆಯದು ಮದರಾಸು ರಾಜ್ಯ. ಕಾಫಿ ಕುಯ್ಲಿನ ಕಾಲಕ್ಕೆ ಘಟ್ಟ ಹತ್ತಿ ಬರುತ್ತಿದ್ದ ತುಳು ಮಾತಿನ ಆಳುಗಳು ಲೆಕ್ಕಕ್ಕೆ ಪರರಾಜ್ಯದವರೇ ಆಗಿದ್ದರೆಂದು ನನ್ನ ಅಜ್ಜ ನಗುತ್ತಾ ಹೇಳುವುದುಂಟು. ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಆ ಗಡಿ ಇಲ್ಲವಾಯಿತು. ಆದ್ದರಿಂದ ನವೆಂಬರ್ 1 ನಮಗೆ ಸಂತೋಷದ ದಿನವೆಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಹೀಗಿರಲು, ವಿದ್ಯಾರ್ಥಿನಿಲಯದಲ್ಲಿ ಕೊಡಗಿನವನಾದ ನನ್ನ ಸ್ನೇಹಿತನೊಬ್ಬನು ಒಂದು ಸಂಜೆ ಹೀಗೆಂದನು: "ನಿಮ್ಮದು ಜಿಲ್ಲೆಯಾಗಿತ್ತು, ಜಿಲ್ಲೆಯಾಗಿಯೇ ಉಳಿಯಿತು ಮಾರಾಯ. ನಮ್ಮದು ರಾಜ್ಯವಾಗಿತ್ತು, ಜಿಲ್ಲೆಯಾಯಿತು. ನಾವೇನು ಕಡಿಮೆಯಿದ್ದೆವು?" ನನಗೆ ಉತ್ತರ ತೋಚಲಿಲ್ಲ. ಅದೇ ವಾರ ಇತಿಹಾಸದ ತರಗತಿಯಲ್ಲಿ ನಮ್ಮ ಅಧ್ಯಾಪಕರು ಅಮೆರಿಕದ 1787ರ ವಾಯವ್ಯ ಪ್ರದೇಶ ಶಾಸನವನ್ನು ಪಾಠ ಹೇಳಿದರು. ಆ ಪಾಠವನ್ನೂ ಈ ಪ್ರಶ್ನೆಯನ್ನೂ ಒಟ್ಟಿಗಿಟ್ಟು ನೋಡಿದ್ದರ ಫಲವೇ ಈ ಕಿರುಲೇಖನ.

ಸ್ವಾತಂತ್ರ್ಯ ಪಡೆದ ಅಮೆರಿಕದಲ್ಲಿ ಮೊದಲಿಗೆ ಇದ್ದವು 13 ರಾಜ್ಯಗಳು. ಓಹಾಯೋ ನದಿಯ ವಾಯವ್ಯಕ್ಕೆ ವಿಶಾಲವಾದ ಗಡಿನಾಡು ಬಿದ್ದಿತ್ತು. ಅಲ್ಲಿ ನೆಲೆಸುವವರು ಎಂದೆಂದಿಗೂ ಹಳೆಯ ರಾಜ್ಯಗಳ ಅಧೀನರಾಗಿಯೇ ಇರಬೇಕೆ? ಇಲ್ಲವೆಂದು ಆ ಶಾಸನವು ಮೂರು ಮೆಟ್ಟಿಲುಗಳನ್ನು ಕಟ್ಟಿಕೊಟ್ಟಿತು. ಮೊದಲನೆಯದರಲ್ಲಿ, ಅಲ್ಲಿನ ಕೇಂದ್ರ ಶಾಸನಸಭೆಯಾದ ಕಾಂಗ್ರೆಸ್ಸು ನೇಮಿಸಿದ ಒಬ್ಬ ಗವರ್ನರ್, ಒಬ್ಬ ಕಾರ್ಯದರ್ಶಿ ಮತ್ತು ಮೂವರು ನ್ಯಾಯಾಧೀಶರ ಆಡಳಿತ. ವಯಸ್ಕರಾದ ಸ್ವತಂತ್ರ ಗಂಡಸರು 5,000 ಆದೊಡನೆ ಎರಡನೆಯ ಮೆಟ್ಟಿಲು: ಜನರು ಆರಿಸಿದ ಸಭೆ, ಮತ್ತು ಕಾಂಗ್ರೆಸ್ಸಿನಲ್ಲಿ ಮಾತನಾಡಬಲ್ಲ ಆದರೆ ಮತ ಹಾಕಲಾರದ ಒಬ್ಬ ಪ್ರತಿನಿಧಿ. ಸ್ವತಂತ್ರ ನಿವಾಸಿಗಳು 60,000 ಆದಾಗ ಮೂರನೆಯದು: ಜನರು ತಮ್ಮ ಸಂವಿಧಾನವನ್ನು ರಚಿಸಿಕೊಂಡು, ಮೂಲರಾಜ್ಯಗಳಿಗೆ ಸರಿಸಮಾನವಾದ ರಾಜ್ಯವಾಗಿ ಒಕ್ಕೂಟವನ್ನು ಸೇರಬಹುದು. ಈ "ಸರಿಸಮಾನ" ಎಂಬ ಮಾತೇ ಶಾಸನದ ಜೀವಾಳವೆಂದು ನನಗೆ ತೋರುತ್ತದೆ.

ಆದರೆ ಬರೆದ ನಿಯಮ ಬೇರೆ, ನಡೆದ ರೀತಿ ಬೇರೆ. 60,000ಕ್ಕಿಂತ ಮೊದಲೇ ಸೇರಿಸಿಕೊಳ್ಳಲು ಶಾಸನದಲ್ಲೇ ಎಡೆಯಿತ್ತು. 1800ರ ಗಣತಿಯಲ್ಲಿ ಸುಮಾರು 45,000 ಜನರಿದ್ದ ಓಹಾಯೋ 1803ರಲ್ಲಿಯೇ ರಾಜ್ಯವಾಯಿತು. ಅತ್ತ ನ್ಯೂ ಮೆಕ್ಸಿಕೋದಲ್ಲಿ 1850ರ ಗಣತಿಯ ವೇಳೆಗೇ 61,000ಕ್ಕೂ ಮೀರಿ ಜನರಿದ್ದರು. ಆದರೂ ಅದು 1912ರವರೆಗೆ ಕಾಯಬೇಕಾಯಿತು. ಅಲ್ಲಿನ ಬಹುಜನರು ಸ್ಪ್ಯಾನಿಷ್ ಮಾತನಾಡುವ ಕ್ಯಾಥೊಲಿಕರೆಂಬ ಅಪನಂಬಿಕೆಯೂ ಈ ವಿಳಂಬಕ್ಕೆ ಒಂದು ಕಾರಣ. ಇನ್ನು, ಆ ನೆಲದ ಮೂಲನಿವಾಸಿಗಳು ಯಾವ ಮೆಟ್ಟಿಲಿನ ಲೆಕ್ಕಕ್ಕೂ ಬರಲಿಲ್ಲ. ಅವರ ಭೂಮಿಯ ಮೇಲೆಯೇ ಮೆಟ್ಟಿಲುಗಳು ಎದ್ದವು. ತಲೆಯೆಣಿಕೆ ನ್ಯಾಯವಾಗಿ ಕಂಡರೂ, ಯಾರನ್ನು ಎಣಿಸಬೇಕೆಂದು ಗೊತ್ತುಮಾಡುವವರು ಬೇರೆಯೇ ಇರುತ್ತಾರೆ.

ಈಗ ಕೊಡಗಿನ ಕಡೆಗೆ ತಿರುಗೋಣ. 1834ರಲ್ಲಿ ಬ್ರಿಟಿಷರ ವಶವಾದ ಕೊಡಗು ಚೀಫ್ ಕಮಿಷನರರ ಪ್ರಾಂತವಾಗಿದ್ದು, 1950ರ ಜನವರಿ 26ರಂದು "ಸಿ" ವರ್ಗದ ರಾಜ್ಯವಾಯಿತು. ವಿಸ್ತೀರ್ಣ ಸುಮಾರು 1,600 ಚದರ ಮೈಲಿ. 1951ರ ಗಣತಿಯಂತೆ ಜನಸಂಖ್ಯೆ ಸುಮಾರು 2 ಲಕ್ಷ 29 ಸಾವಿರ. 1952ರಲ್ಲಿ ವಯಸ್ಕರೆಲ್ಲರ ಮತದಿಂದ 24 ಸದಸ್ಯರ ವಿಧಾನಸಭೆ ಚುನಾಯಿತವಾಗಿ, ಶ್ರೀ ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು. ಅಮೆರಿಕದ ಅಳತೆಗೋಲಿನಿಂದ ನೋಡಿದರೆ ಕೊಡಗು ಬೇಕಾದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಅರ್ಹವಾಗಿತ್ತು.

ಹಾಗಾದರೆ ಅದು ಏಕೆ ಉಳಿಯಲಿಲ್ಲ? 1953ರ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಇವರನ್ನೊಳಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು. 1955ರಲ್ಲಿ ವರದಿಯನ್ನೊಪ್ಪಿಸಿದ ಆಯೋಗವು ಭಾಷೆಯೊಂದನ್ನೇ ನೋಡದೆ ದೇಶದ ಐಕ್ಯ, ಹಣಕಾಸು, ಆಡಳಿತದ ಅನುಕೂಲ ಇವುಗಳನ್ನೂ ತೂಗಿತು. "ಸಿ" ವರ್ಗದ ಸಣ್ಣ ರಾಜ್ಯಗಳು ಸ್ವಂತ ಕಾಲಮೇಲೆ ನಿಲ್ಲಲಾರವೆಂಬುದು ಅದರ ಅಭಿಪ್ರಾಯ. ಮುಂಬಯಿ, ಹೈದರಾಬಾದು, ಮದರಾಸುಗಳಲ್ಲಿ ಹಂಚಿಹೋಗಿದ್ದ ಕನ್ನಡ ಸೀಮೆಗಳೊಡನೆ ಕೊಡಗೂ 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯದಲ್ಲಿ ಸೇರಿತು.

ನಮ್ಮ ಸಂವಿಧಾನದಲ್ಲಿ ರಾಜ್ಯವಾಗಲು ಇಷ್ಟು ಜನ ಬೇಕೆಂಬ ವಿಧಿ ಎಲ್ಲಿಯೂ ಇಲ್ಲ. ಕೊಡಗು ಹೋದಮೇಲೆ ಕೇಂದ್ರಾಡಳಿತದ ಮೆಟ್ಟಿಲಿನಿಂದ ಮೇಲೇರಿದ ನಾಡುಗಳು ಹಲವು: 1971ರಲ್ಲಿ ಹಿಮಾಚಲ ಪ್ರದೇಶ, 1972ರಲ್ಲಿ ಮಣಿಪುರ, ತ್ರಿಪುರಾ, 1987ರಲ್ಲಿ ಮಿಜೋರಾಂ, ಅರುಣಾಚಲ, ಗೋವಾ. 1975ರಲ್ಲಿ ರಾಜ್ಯವಾಗಿ ಸೇರಿದ ಸಿಕ್ಕಿಮಿನ ಜನಸಂಖ್ಯೆ 1971ರ ಗಣತಿಯಲ್ಲಿ ಸುಮಾರು 2 ಲಕ್ಷ 10 ಸಾವಿರ. ಅಂದರೆ 1951ರ ಕೊಡಗಿಗಿಂತಲೂ ಕಡಿಮೆ! ಸಣ್ಣದೆಂಬ ಕಾರಣವೊಂದೇ ಕೊನೆಯ ಮಾತಲ್ಲವೆಂಬುದು ಇದರಿಂದ ಸ್ಪಷ್ಟ. ಗಡಿಯ ರಕ್ಷಣೆ, ಜನರ ಒತ್ತಾಯ, ಕಾಲದ ಅಗತ್ಯ ಇವೆಲ್ಲ ಸೇರಿ ತೀರ್ಮಾನಿಸುತ್ತವೆ.

ಎರಡು ಪದ್ಧತಿಗಳ ನಿಜವಾದ ಅಂತರ ಮತ್ತೊಂದೆಡೆ ಇದೆ. ಅಮೆರಿಕದಲ್ಲಿ ಒಮ್ಮೆ ರಾಜ್ಯವಾದದ್ದನ್ನು ಅದರ ಶಾಸನಸಭೆಯ ಒಪ್ಪಿಗೆಯಿಲ್ಲದೆ ಒಡೆಯಲಾಗಲಿ ಕೂಡಿಸಲಾಗಲಿ ಬರುವುದಿಲ್ಲ. ನಮ್ಮಲ್ಲಿ 3ನೆಯ ಅನುಚ್ಛೇದದ ಪ್ರಕಾರ ಸಂಸತ್ತು ರಾಜ್ಯದ ಅಭಿಪ್ರಾಯವನ್ನು ಕೇಳಬೇಕು, ಒಪ್ಪಬೇಕೆಂದಿಲ್ಲ. 2014ರಲ್ಲಿ ಆಂಧ್ರಪ್ರದೇಶದ ವಿಧಾನಸಭೆ ಮಸೂದೆಯನ್ನು ತಿರಸ್ಕರಿಸಿದರೂ ತೆಲಂಗಾಣ ರಚಿತವಾಯಿತಷ್ಟೆ. ಈ ಸಡಿಲಿಕೆ ಇಲ್ಲದಿದ್ದರೆ ಹರಿದುಹೋಗಿದ್ದ ಕನ್ನಡನಾಡು ಅಷ್ಟು ಬೇಗ ಒಂದಾಗುತ್ತಿತ್ತೆ? ನಮ್ಮ ಬೆಟ್ಟದ ಮೇಲಿನ ಗಡಿ ಅಳಿಯುತ್ತಿತ್ತೆ? ಅನುಮಾನವೇ. ಆದರೆ ಅದೇ ಸಡಿಲಿಕೆಯಿಂದ, 24 ಸದಸ್ಯರ ಸ್ವಂತ ಸಭೆಯಿದ್ದ ಕೊಡಗು ಇಂದು ವಿಧಾನಸಭೆಗೆ ಕಳುಹಿಸುವುದು ಇಬ್ಬರನ್ನು ಮಾತ್ರ.

ಸ್ನೇಹಿತನಿಗೆ ನಾನು ಕೊಟ್ಟ ಉತ್ತರ ಇಷ್ಟೆ: "ನೀವು ಯಾವುದರಲ್ಲಿಯೂ ಕಡಿಮೆಯಿರಲಿಲ್ಲ. ಎಣಿಕೆಯಲ್ಲಿ ನೀವು ಸೋತದ್ದಲ್ಲ. ದೊಡ್ಡದೊಂದು ಮನೆ ಕಟ್ಟುವಾಗ ನಿಮ್ಮ ಮನೆಯ ಗೋಡೆ ತೆಗೆದರು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ಮನೆಯಲ್ಲಿ ನಮ್ಮ ಮಾತೂ ಕೇಳಿಸಬೇಕು" ಎಂದನು. ಅಮೆರಿಕದವರು ಗಡಿನಾಡಿಗೆ "ಸರಿಸಮಾನ" ಎಂದು ಮಾತು ಕೊಟ್ಟದ್ದು ಇದನ್ನೇ ಅಲ್ಲವೆ? ರಾಜಧಾನಿಗೆ ದೂರವಾದ ಬೆಟ್ಟದೂರುಗಳು, ಅವು ಮಡಿಕೇರಿಯಾಗಲಿ ಜಾವಳಿಯಾಗಲಿ, ಕೇಳುವುದೂ ಅದನ್ನೇ. ಮುಂದಿನ ನವೆಂಬರ್ 1ರಂದು ನಾನು ಸಂತೋಷದಿಂದಲೇ ಧ್ವಜಕ್ಕೆ ಕೈಮುಗಿಯುತ್ತೇನೆ; ಪಕ್ಕದಲ್ಲಿ ನಿಂತವನ ನೆನಪೇನೆಂಬುದನ್ನೂ ಮರೆಯಲಾರೆ.