ವಿಮಾನದಲ್ಲಿ ಯಾವ ಕಿಡಕಿಯ ಬಳಿ ಕೂಡಬೇಕು?

ನಮ್ಮ ಶಾಲೆಯಲ್ಲಿ ಕಲಿತ ಬಾಲಿಕೆಯರು ವಿದ್ಯಾಭ್ಯಾಸಕ್ಕಾಗಿಯೂ ಉದ್ಯೋಗಕ್ಕಾಗಿಯೂ ಈಗ ದೂರದ ಪಟ್ಟಣಗಳಿಗೆ ಹೋಗುತ್ತಿರುವರು. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನವನ್ನೇರುವಾಗ, ಗೋಕಾವಿ, ಮೂಡಲಗಿ, ಹುಕ್ಕೇರಿಗಳ ನೆಲವನ್ನು ಒಂದು ಸಾರೆ ಕಣ್ತುಂಬ ನೋಡಬೇಕೆಂಬ ಆಶೆಯು ಯಾರಿಗಿಲ್ಲ? ಆದರೆ ಕಿಡಕಿಯ ಬಳಿ ಕುಳಿತ ಮಾತ್ರದಿಂದ ತವರೂರು ಕಾಣಿಸದು. ಅದಕ್ಕೆ ಭೂಗೋಳದ ತಿಳಿವಳಿಕೆಯು ಸ್ವಲ್ಪ ಬೇಕು. ಆದುದರಿಂದ ಈ ಚಿಕ್ಕ ಪಾಠವನ್ನು ಬರೆದಿರುವೆವು.

ಮೊದಲನೆಯದಾಗಿ ದಿಕ್ಕನ್ನು ಗೊತ್ತುಮಾಡಿಕೊಳ್ಳಬೇಕು. ನಕಾಶೆಯನ್ನು ಎದುರಿಗಿಟ್ಟು, ಹೋಗತಕ್ಕ ಊರು ಮುಂದೆ ಬರುವಂತೆ ಅದನ್ನು ತಿರುಗಿಸಿರಿ. ದಿಲ್ಲಿಯು ಬೆಳಗಾವಿಗೆ ಉತ್ತರದಲ್ಲಿ, ತುಸು ಪೂರ್ವಕ್ಕೆ ಇರುವದು. ಆ ಕಡೆಗೆ ಹೋಗುವವರಿಗೆ ಹುಕ್ಕೇರಿಯೂ ಹಿಡಕಲ್ ಜಲಾಶಯವೂ ಎಡಗಡೆಗೆ, ಗೋಕಾವಿ ಮೂಡಲಗಿಗಳು ಬಲಗಡೆಗೆ ಬರುವವು. ಮುಂಬಯಿಯು ವಾಯವ್ಯದಲ್ಲಿರುವದರಿಂದ ಅಲ್ಲಿಗೆ ಹೋಗುವವರಿಗೆ ಮೂರೂ ಬಲಗಡೆಗೇ. ಬೆಂಗಳೂರಿಗೆ ಹೋಗುವವರಿಗಾದರೋ ಮೂರೂ ಬೆನ್ನ ಹಿಂದೆ ಉಳಿಯುವವು. ಮೋಡ ಗಾಳಿಗಳ ದೆಸೆಯಿಂದ ವಿಮಾನವು ದಾರಿಯನ್ನು ಬದಲಿಸುವದುಂಟೆಂಬುದನ್ನೂ ನೆನಪಿನಲ್ಲಿಡಬೇಕು. ಸಾಂಬ್ರಾದಿಂದ ಹಿಡಕಲ್ಲಿಗೆ ಆಕಾಶಮಾರ್ಗದಲ್ಲಿ ಸುಮಾರು 20 ಮೈಲು. ಮಾತಿನಲ್ಲಿ ಮೈಮರೆತರೆ ಊರು ದಾಟಿಹೋಗುವದು.

ಎರಡನೆಯದು ಸೂರ್ಯನ ವಿಚಾರ. ಬಿಸಿಲು ಮೋರೆಗೆ ಹೊಡೆಯುವ ಪಕ್ಕದಲ್ಲಿ ನೆಲವು ಮಸುಕಾಗಿ ತೋರುವದು. ಸೂರ್ಯನು ಬೆನ್ನ ಕಡೆಗಿದ್ದರೆ ಹೊಲ ಹಳ್ಳಗಳೆಲ್ಲ ಸ್ಪಷ್ಟವಾಗುವವು. ಆದಕಾರಣ ಉತ್ತರಕ್ಕೆ ಹೋಗುವವರು ಮುಂಜಾನೆ ಎಡಕ್ಕೂ ಸಾಯಂಕಾಲ ಬಲಕ್ಕೂ ಕೂಡುವದು ಉತ್ತಮ.

ಮೂರನೆಯದು ರೆಕ್ಕೆ. ದೊಡ್ಡ ಜೆಟ್ ವಿಮಾನಗಳ ರೆಕ್ಕೆಯು ಕಿಡಕಿಗಿಂತ ಕೆಳಗಿದ್ದು ನಡುವಿನ ಆಸನದವರಿಗೆ ನೆಲವನ್ನು ಮರೆಮಾಡುವದು. ರೆಕ್ಕೆಯ ಹಿಂದೆ ಕುಳಿತರೆ ಇಂಜಿನದ ಬಿಸಿಗಾಳಿಯಿಂದ ನೋಟವು ನಡುಗಿದಂತಾಗುವದು. ಮುಂಭಾಗವೇ ಲೇಸು. ಏಟಿಆರ್ ಎಂಬ ಚಿಕ್ಕ ವಿಮಾನದ ರೆಕ್ಕೆಯು ಮೇಲಿರುವದರಿಂದ ಈ ತೊಂದರೆಯು ಕಡಿಮೆ. ಸಾಲಿಗೆ ಆರು ಆಸನಗಳಿದ್ದಲ್ಲಿ ಎಡಗಡೆಯ ಕಿಡಕಿಗೆ ‘ಎ’ ಎಂದೂ ಬಲಗಡೆಯದಕ್ಕೆ ‘ಎಫ್’ ಎಂದೂ ಗುರುತಿರುವದು.

ನಾಲ್ಕನೆಯದು ಋತು. ಮಳೆಗಾಲದಲ್ಲಿ ಗೋಕಾವಿಯ ಜಲಪಾತವು ತುಂಬಿ ಧುಮುಕುವದು ನಿಜ. ಆದರೆ ಆಗ ಮೋಡಗಳ ಪರದೆಯೂ ದಟ್ಟವಾಗಿರುವದು. ಮಳೆ ನಿಂತ ಹೊಸತರಲ್ಲಿ ನದಿಯಲ್ಲಿ ನೀರೂ ಇರುವದು, ಆಕಾಶವೂ ತೊಳೆದಂತಿರುವದು. ಕೆಳಗೆ ನಿಂತವರನ್ನು ಬೆರಗುಗೊಳಿಸುವ ಸುಮಾರು 170 ಫೂಟಿನ ಆ ಧುಮುಕು ಮೇಲಿನಿಂದ ನೋಡುವವರಿಗೆ ಚಪ್ಪಟೆಯಾಗಿ ತೋರುವದರಿಂದ, ಘಟಪ್ರಭೆಯ ಹರಿವನ್ನೇ ಹಿಡಿದು ಅದನ್ನು ಹುಡುಕಬೇಕು.

ಇನ್ನು ಎರಡು ಕಿಡಕಿಗಳಲ್ಲಿ ಯಾವದು ಮೇಲು? ಎಡಗಡೆಗೆ ಹಿಡಕಲ್ಲಿನ ನೀಲಿ ನೀರು. ಬಲಗಡೆಗೆ ಮೂಡಲಗಿಯ ಕಬ್ಬಿನ ಹಸುರು. ಆ ಹಸುರಿಗೆ ಈ ನೀರೇ ಮೂಲವು. ಅದು ಘಟಪ್ರಭೆಯಲ್ಲಿ ಹರಿದು, ಧೂಪದಾಳದ ಒಡ್ಡಿನಿಂದ ಕಾಲುವೆಗೆ ತಿರುಗಿ, ಬಯಲಿಗೆ ಸಾಗುವದು. ಜಲಾಶಯದ ತಳದಲ್ಲಿಯೂ ಒಂದು ಕಾಲಕ್ಕೆ ಜನರ ವಸತಿಯಿತ್ತು. ಮುಳುಗಿದ ಹುನ್ನೂರಿನ ವಿಠ್ಠಲ ದೇವಾಲಯವು ಬೇಸಿಗೆಯಲ್ಲಿ ನೀರಿಳಿದಾಗ ಇಂದಿಗೂ ಹೊರಬೀಳುವದು. ಒಬ್ಬರು ಬಿಟ್ಟುಕೊಟ್ಟ ನೆಲದಿಂದ ಮತ್ತೊಬ್ಬರ ಹೊಲವು ಬೆಳೆಯಿತು. ಒಂದೇ ಪಕ್ಕವನ್ನು ನೋಡಿದವರಿಗೆ ಈ ಋಣವು ತಿಳಿಯಲಾರದು.

ಆದುದರಿಂದ ಪ್ರಿಯ ಭಗಿನಿಯರೇ, ದಿಲ್ಲಿಗೆ ಮುಂಜಾನೆ ಹೋಗುವಾಗ ‘ಎ’ ಆಸನವನ್ನೇ ಕೇಳಿರಿ. ಸಾಯಂಕಾಲ ತಿರುಗಿ ಬರುವಾಗಲೂ ಅದನ್ನೇ ಕೇಳಿರಿ. ದಿಕ್ಕು ತಿರುಗಿದ್ದರಿಂದ ಈಗ ಅದೇ ಎಡಗಡೆಯ ಕಿಡಕಿಯಲ್ಲಿ ಗೋಕಾವಿಯೂ ಮೂಡಲಗಿಯೂ ಬಿಸಿಲಿನಲ್ಲಿ ಬೆಳಗುತ್ತಿರುವವು. ಹೋಗುವಾಗ ಕೊಟ್ಟವರ ನೆಲವನ್ನೂ, ಬರುವಾಗ ಪಡೆದವರ ನೆಲವನ್ನೂ ಕಂಡು, ಎರಡನ್ನೂ ಒಂದೇ ನೀರಿನಿಂದ ಜೋಡಿಸಿದ ದೇವರನ್ನು ಸ್ಮರಿಸಿರಿ. ಶಾಲೆಯಲ್ಲಿ ಕಲಿತ ಭೂಗೋಳವು ಆಗ ಸಾರ್ಥಕವಾದೀತು.