ಹಳೆಯ ವಾಲ್ವ್ ರಿಸೀವರ್ ಕೊಳ್ಳುವ ಮುನ್ನ ಟ್ರಾನ್ಸ್‌ಫಾರ್ಮರ್ ನೋಡಿ

ಅರವತ್ತರ ದಶಕದ ವಾಲ್ವ್ ಸ್ಟೀರಿಯೋ ರಿಸೀವರ್ ಎಂದರೆ ಎಫ್‌ಎಂ ರೇಡಿಯೋ, ಎಲ್‌ಪಿ ರೆಕಾರ್ಡ್‌ಗೆ ಬೇಕಾದ ಫೋನೋ ವಿಭಾಗ, ಎರಡು ಚಾನೆಲ್‌ನ ಆಂಪ್ಲಿಫೈಯರ್ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಉತ್ತರ ಬೆಂಗಳೂರಿನ ಅಮೃತಹಳ್ಳಿಯ ಎರಡು ಬೆಡ್‌ರೂಮಿನ ಮನೆಗೆ ಅದು ಹೇಳಿ ಮಾಡಿಸಿದಂತೆ ಕಾಣುತ್ತದೆ. ಮಾರುವವರು ಮೊದಲು ತೋರಿಸುವುದು ವಾಲ್ವ್‌ಗಳ ಕೆಂಪು ಬೆಳಕನ್ನು, ಆಮೇಲೆ ಡಯಲ್‌ನ ಹೊಳಪನ್ನು. ಕೊಳ್ಳುವವರ ಮನಸ್ಸೂ ಅಲ್ಲೇ ಸೋಲುತ್ತದೆ. ಆದರೆ ಬೇಕೋ ಬೇಡವೋ ಎಂದು ತೀರ್ಮಾನಿಸಲು ಇವೆರಡೂ ಆಧಾರವಲ್ಲ. ವಾಲ್ವ್ ಹೋದರೆ ಬೇರೆ ಹಾಕಬಹುದು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದೇ ಅಳತೆಯದು ಅಂಗಡಿಯಲ್ಲಿ ಸಿಗುವುದಿಲ್ಲ, ಸುತ್ತಿಸಿದರೂ ಮೂಲದ ಗುಣ ಬರುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ಟ್ರಾನ್ಸ್‌ಫಾರ್ಮರ್‌ಗಳು ಗಟ್ಟಿಯಾಗಿದ್ದು, ಸೆಟ್ಟನ್ನು ಬಿಚ್ಚಿ ಸರಿಪಡಿಸಬಲ್ಲ ಮೆಕ್ಯಾನಿಕ್ ಮೊದಲೇ ಗೊತ್ತಿದ್ದರೆ ಮಾತ್ರ ಕೊಳ್ಳಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ದುಡ್ಡಿನ ಮಾತು ಶುರುವಾಗುವ ಮೊದಲೇ ನೋಡಬೇಕಾದದ್ದು ಡಯಲ್ ಮೇಲಿನ ಅಂಕಿಗಳನ್ನು. ಭಾರತದಲ್ಲಿ ಎಫ್‌ಎಂ ಪ್ರಸಾರ ಶುರುವಾದದ್ದೇ 1977ರಲ್ಲಿ, ಮದ್ರಾಸಿನಲ್ಲಿ. ಅದಕ್ಕೂ ಹಿಂದೆ ನಮ್ಮ ಮನೆಗಳಲ್ಲಿದ್ದ ಮರ್ಫಿ, ಬುಷ್, ಫಿಲಿಪ್ಸ್ ವಾಲ್ವ್ ರೇಡಿಯೋಗಳು ಸಾಮಾನ್ಯವಾಗಿ ಮೀಡಿಯಂ ವೇವ್, ಶಾರ್ಟ್ ವೇವ್‌ಗೆ ಮಾಡಿದಂಥವು. ಹೀಗಾಗಿ ವಾಲ್ವ್ ಸ್ಟೀರಿಯೋ ರಿಸೀವರ್ ಎಂದು ಕೈಗೆ ಬರುವುದು ಹೆಚ್ಚಾಗಿ ಅಮೆರಿಕ, ಜಪಾನ್ ಅಥವಾ ಜರ್ಮನಿಯ ಮಾಲು. ಜಪಾನಿನವರು ತಮ್ಮ ದೇಶಕ್ಕೆಂದು ಮಾಡಿದ ಸೆಟ್ಟುಗಳ ಎಫ್‌ಎಂ 76ರಿಂದ ಶುರುವಾಗಿ 90 ಮೆಗಾಹರ್ಟ್ಸ್‌ಗೆ ಮುಗಿದುಹೋಗುತ್ತದೆ. ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಇರುವುದು 91.1ರಲ್ಲಿ, ಶಾಸ್ತ್ರೀಯ ಸಂಗೀತಕ್ಕೆಂದೇ ಆರಂಭವಾದ ಆಕಾಶವಾಣಿಯ ಅಮೃತವರ್ಷಿಣಿ 100.1ರಲ್ಲಿ, ರೈನ್‌ಬೋ 101.3ರಲ್ಲಿ, ವಿವಿಧ ಭಾರತಿ 102.9ರಲ್ಲಿ. ಅಂಥ ಸೆಟ್ಟಿನಲ್ಲಿ ಇವುಗಳಲ್ಲಿ ಒಂದೂ ಕೇಳಿಸದು. ಹಳೆಯ ಜರ್ಮನ್ ಸೆಟ್ಟುಗಳಲ್ಲಿ ಹಲವು 100ಕ್ಕೆ ನಿಲ್ಲುತ್ತವೆ. ಅಮೆರಿಕದವು 88ರಿಂದ 108ರವರೆಗೆ ಹೋಗುವುದರಿಂದ ನಮಗೆ ಹೊಂದುತ್ತವೆ. ತಯಾರಾದ ವರ್ಷವನ್ನೂ ಕೇಳಿ. ಅಮೆರಿಕದಲ್ಲಿ ಎಫ್‌ಎಂ ಸ್ಟೀರಿಯೋ ಪ್ರಸಾರ ಆರಂಭವಾದದ್ದು 1961ರ ಜೂನ್‌ನಲ್ಲಿ. ಅದಕ್ಕಿಂತ ಹಿಂದಿನ ಸೆಟ್ಟು ಸ್ಟೀರಿಯೋ ಎಂದು ಬರೆದುಕೊಂಡಿದ್ದರೂ ಎಫ್‌ಎಂ ಅನ್ನು ಒಂದೇ ಚಾನೆಲ್ ಆಗಿ ಕೇಳಿಸುತ್ತದೆ.

ಅಮೆರಿಕದ ಸೆಟ್ಟು ಹೊಂದುತ್ತದೆ ಎಂದರೂ ಅದು ನಮ್ಮ ಕರೆಂಟಿಗೆ ಹುಟ್ಟಿದ್ದಲ್ಲ. ಅಲ್ಲಿಯದು 117 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ವೋಲ್ಟೇಜನ್ನು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಳಿಸುತ್ತದೆ, ಹರ್ಟ್ಸ್ ಅನ್ನು ಅದು ಬದಲಿಸಲಾರದು. 60 ಹರ್ಟ್ಸ್‌ಗೆಂದು ಲೆಕ್ಕ ಹಾಕಿ ಸುತ್ತಿದ ಪವರ್ ಟ್ರಾನ್ಸ್‌ಫಾರ್ಮರ್‌ಗೆ 50 ಹರ್ಟ್ಸ್ ಕೊಟ್ಟಾಗ ಅದರ ಕಬ್ಬಿಣದ ಕೋರ್‌ನಲ್ಲಿ ಕಾಂತತ್ವದ ಒತ್ತಡ ಐದನೇ ಒಂದು ಭಾಗದಷ್ಟು ಏರುತ್ತದೆ, ಬಿಸಿಯೂ ಏರುತ್ತದೆ. 117ರ ಬದಲು 110 ವೋಲ್ಟ್ ಕೊಟ್ಟರೆ ಆ ಏರಿಕೆ ಸ್ವಲ್ಪ ಇಳಿಯುತ್ತದೆ, ಹೀಗಾಗಿ 230ರಿಂದ 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಇಲ್ಲಿ ಒಳ್ಳೆಯ ಆಯ್ಕೆ. ಸೆಟ್ಟಿನ ಬಳಕೆ 150 ವ್ಯಾಟ್ ಇದ್ದರೆ ಸ್ಟೆಪ್‌ಡೌನ್ ಕನಿಷ್ಠ ಅದರ ಎರಡರಷ್ಟು ಸಾಮರ್ಥ್ಯದ್ದಿರಲಿ. ಆ 150 ವ್ಯಾಟನ್ನು ದಿನಕ್ಕೆ ನಾಲ್ಕು ಗಂಟೆಯಂತೆ ಹಿಡಿದರೆ ತಿಂಗಳಿಗೆ 18 ಯೂನಿಟ್. ಬಿಲ್ಲು ದೊಡ್ಡ ತೊಂದರೆಯಲ್ಲ. ಆದರೆ ಅಷ್ಟು ವ್ಯಾಟಿನ ಬಿಸಿ ಹೊರಹೋಗಲು ಸೆಟ್ಟಿನ ಮೇಲೆ, ಹಿಂದೆ ಜಾಗ ಬಿಡಬೇಕಾಗುತ್ತದೆ. ಬಾಗಿಲಿರುವ ಟಿವಿ ಯೂನಿಟ್ಟಿನೊಳಗೆ ಇಡುವ ಯೋಚನೆಯಿದ್ದರೆ ಬಿಟ್ಟುಬಿಡಿ.

ಇನ್ನು ಪರೀಕ್ಷೆ. ಮಾರುವವರು ನೇರ ಪ್ಲಗ್ ಹಾಕಲು ಹೊರಟರೆ ತಡೆಯಿರಿ. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟಿಗೆ ಒಮ್ಮೆಲೇ ಪೂರ್ತಿ ಕರೆಂಟು ಹರಿಸುವುದೇ ಟ್ರಾನ್ಸ್‌ಫಾರ್ಮರ್ ಸುಡುವ ಸುಲಭದ ದಾರಿ. ರೇಡಿಯೋ ಮೆಕ್ಯಾನಿಕ್‌ಗಳು ಇಟ್ಟುಕೊಂಡಿರುವ ಸೀರೀಸ್ ಬೋರ್ಡ್ ಇಲ್ಲಿ ಬೇಕು: ಫೇಸ್ ವೈರು 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬಿನ ಮೂಲಕ ಹಾದು ಸಾಕೆಟ್‌ಗೆ ಬರುತ್ತದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. ಸ್ಪೀಕರ್‌ಗಳನ್ನು ಜೋಡಿಸಿಯೇ ಸ್ವಿಚ್ ಹಾಕಬೇಕು, ಏಕೆಂದರೆ ವಾಲ್ವ್ ಆಂಪ್ಲಿಫೈಯರ್ ಅನ್ನು ಸ್ಪೀಕರಿಲ್ಲದೆ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೇ ಏಟು. ಬಲ್ಬು ಒಮ್ಮೆ ಜೋರಾಗಿ ಹೊತ್ತಿ ನಂತರ ಮಂಕಾದರೆ ಮುಂದುವರಿಯಬಹುದು. ಪೂರ್ತಿ ಬೆಳಕಿನಲ್ಲೇ ನಿಂತರೆ ಒಳಗೆ ಎಲ್ಲೋ ಶಾರ್ಟ್ ಇದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗಳು ಎರಡಿರುವುದು ಕೊಳ್ಳುವವರ ಭಾಗ್ಯ. ಪ್ಲಗ್ ಕಿತ್ತು, ಕೆಪಾಸಿಟರ್‌ಗಳ ಚಾರ್ಜ್ ಇಳಿಸಿದ ಮೇಲೆ ಮೆಕ್ಯಾನಿಕ್ ಮಲ್ಟಿಮೀಟರ್‌ನಲ್ಲಿ ಎಡ ಚಾನೆಲ್‌ನ ಸುರುಳಿಯ ಓಮ್ ನೋಡಿ, ಬಲದ್ದರೊಂದಿಗೆ ಹೋಲಿಸಲಿ. ಎರಡೂ ಹೆಚ್ಚುಕಡಿಮೆ ಒಂದೇ ಬಂದರೆ ನೆಮ್ಮದಿ. ಒಂದರಲ್ಲಿ ಮೀಟರ್ ಏನನ್ನೂ ತೋರಿಸದಿದ್ದರೆ ಸುರುಳಿ ತುಂಡಾಗಿದೆ, ಮಾತುಕತೆ ಅಲ್ಲಿಗೇ ಮುಗಿಸಿ. ಚಾರ್ಜ್ ಇಳಿಸುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಸ್ವಿಚ್ ಆರಿಸಿದ ಮೇಲೂ ಈ ಸೆಟ್ಟುಗಳಲ್ಲಿ 400 ವೋಲ್ಟಿನ ಆಸುಪಾಸಿನ ಡಿಸಿ ಉಳಿದಿರಬಹುದು, ಅದು ಪ್ರಾಣ ತೆಗೆಯಬಲ್ಲದು. ಅನುಭವವಿಲ್ಲದವರು ಕೆಳಗಿನ ತಗಡು ಬಿಚ್ಚಲೇಬಾರದು.

‘ಇಷ್ಟು ವರ್ಷ ಹಾಡಿದೆ, ಇನ್ನಷ್ಟು ವರ್ಷ ಹಾಡುತ್ತದೆ’ ಎಂಬ ವಾದ ಬರುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ಫಿಲ್ಟರ್ ಕೆಪಾಸಿಟರ್‌ನೊಳಗಿನ ದ್ರಾವಣ ಒಣಗುತ್ತದೆ, ಸ್ಪೀಕರಿನಲ್ಲಿ ಗುಂಯ್ ಶಬ್ದ ಶುರುವಾಗುತ್ತದೆ. ಹಳೆಯ ಕಪ್ಲಿಂಗ್ ಕೆಪಾಸಿಟರ್ ಲೀಕ್ ಆದರೆ ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ ಹೋಗಬಾರದ ಡಿಸಿ ಹೋಗುತ್ತದೆ, ವಾಲ್ವು ಅಳತೆ ಮೀರಿ ಕರೆಂಟ್ ಎಳೆಯುತ್ತದೆ, ಅದರ ಪ್ಲೇಟ್ ಕೆಂಪಾಗುತ್ತದೆ, ಕೊನೆಗೆ ಟ್ರಾನ್ಸ್‌ಫಾರ್ಮರ್ ಬೇಯುತ್ತದೆ. ಸಣ್ಣ ಬೆಲೆಯ ಒಂದು ಬಿಡಿಭಾಗ ಅತಿ ದುಬಾರಿ ಭಾಗವನ್ನು ಬಲಿ ತೆಗೆದುಕೊಳ್ಳುವುದು ಹೀಗೆ. ಆದುದರಿಂದ ‘ಈಗಲೂ ಹಾಡುತ್ತದೆ’ ಎಂಬ ಸೆಟ್ಟಿಗೂ ಈ ಕೆಪಾಸಿಟರ್‌ಗಳನ್ನು ಬದಲಿಸುವ ಖರ್ಚು ಸೇರಿಸಿಯೇ ಬೆಲೆ ಲೆಕ್ಕ ಹಾಕಿ. ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಕೆಪಾಸಿಟರ್ ಹುಡುಕಬಹುದು, ಕೂಲಿ ಎಷ್ಟೆಂದು ಮೆಕ್ಯಾನಿಕ್ ಬಾಯಿಂದ ಮೊದಲೇ ಹೇಳಿಸಿಕೊಳ್ಳಿ. ಎಫ್‌ಎಂ ಟ್ಯೂನರ್ ಅಲೈನ್ ಮಾಡಲು ಬರುತ್ತದೆಯೇ ಎಂದೂ ಕೇಳಿ, ಆಂಪ್ಲಿಫೈಯರ್ ಬಲ್ಲವರೆಲ್ಲ ಅದನ್ನು ಬಲ್ಲವರಲ್ಲ.

ವಾಲ್ವ್‌ಗಳೇ ಸಿಗುವುದಿಲ್ಲ ಎಂಬ ಭಯ ಅರ್ಧ ಮಾತ್ರ ನಿಜ. ಹೆಬ್ಬಾಳದಿಂದ ರಿಂಗ್ ರಸ್ತೆ ಹಿಡಿದರೆ ಸಿಗುವ ಜಾಲಹಳ್ಳಿಯಲ್ಲಿ, 1954ರಲ್ಲಿ ಸ್ಥಾಪನೆಯಾದ ಬಿಇಎಲ್ 1961ರಿಂದ ರೇಡಿಯೋ ವಾಲ್ವ್‌ಗಳನ್ನು ತಯಾರಿಸಿತು. ಇಎಲ್84ರಂಥ ಬಿಇಎಲ್ ವಾಲ್ವ್‌ಗಳು ಹಳೆಯ ದಾಸ್ತಾನಿನಿಂದ ಈಗಲೂ ಕೈಬದಲಾಗುತ್ತವೆ. ಉತ್ತರ ಬೆಂಗಳೂರಿನವರಿಗೆ ಇದು ಹೆಮ್ಮೆಯ ಸಂಗತಿ ಎಂದೇ ನಾನು ಭಾವಿಸುತ್ತೇನೆ. ಆದರೆ ಪೆಟ್ಟಿಗೆ ಹೊಸದಿದ್ದ ಮಾತ್ರಕ್ಕೆ ಒಳಗಿನ ವಾಲ್ವ್ ಬಳಸದ್ದೆಂದು ನಂಬಬೇಡಿ, ಟೆಸ್ಟರ್‌ನಲ್ಲಿ ನೋಡಿಸಿ. ಅಮೆರಿಕದ ಫಿಶರ್ 500-ಸಿಯಂಥ ಹೆಸರಾಂತ ರಿಸೀವರ್ ಬೇಡುವುದು 7591 ಎಂಬ ವಾಲ್ವನ್ನು, ಅದೂ ನಾಲ್ಕು. ಸ್ಲೊವಾಕಿಯಾದ ಜೆಜೆ ಮತ್ತು ರಷ್ಯಾದ ಕಾರ್ಖಾನೆಗಳು ಇದನ್ನು ಮತ್ತೆ ತಯಾರಿಸಿರುವುದರಿಂದ ದಾರಿ ಪೂರ್ತಿ ಮುಚ್ಚಿಲ್ಲ, ದುಬಾರಿ ಅಷ್ಟೆ. ಒಂದು ಜೊತೆ ವಾಲ್ವಿನ ಇಂದಿನ ಬೆಲೆ ವಿಚಾರಿಸಿದ ಮೇಲೆಯೇ ಚೌಕಾಸಿಗೆ ಇಳಿಯಿರಿ.

ಇಷ್ಟೆಲ್ಲ ತಾಪತ್ರಯಕ್ಕಿಂತ ಹೊಸ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಮೇಲಲ್ಲವೇ ಎಂದರೆ, ಅಳತೆಯ ದೃಷ್ಟಿಯಿಂದ ಹೌದು. ಸಾಧಾರಣ ಬೆಲೆಯ ಹೊಸ ಆಂಪ್ಲಿಫೈಯರ್‌ನಲ್ಲೂ ಧ್ವನಿಯ ವಿಕೃತಿ ವಾಲ್ವಿಗಿಂತ ಕಡಿಮೆ. ವಾಲ್ವಿನ ವಿಕೃತಿ ಕಿವಿಗೆ ಒರಟಾಗಿ ತಾಕುವುದಿಲ್ಲ, ಸಾಮರ್ಥ್ಯ ಮೀರಿದಾಗಲೂ ಧ್ವನಿ ಮೆಲ್ಲಗೆ ಕುಗ್ಗುತ್ತದೆ. ಅದನ್ನು ಇಷ್ಟಪಟ್ಟು ಕೊಳ್ಳುವುದು ನ್ಯಾಯವಾದ ಕಾರಣ, ‘ಅದೇ ಶ್ರೇಷ್ಠ’ ಎಂದು ಯಾರೋ ಹೇಳಿದ್ದಕ್ಕೆ ಕೊಳ್ಳುವುದಲ್ಲ. ಇಲ್ಲಿ ಸ್ಪೀಕರ್ ಲೆಕ್ಕವೂ ಸೇರುತ್ತದೆ. ಸ್ಪೀಕರಿನ ಸಂವೇದನೆ 3 ಡೆಸಿಬೆಲ್ ಇಳಿದರೆ ಅದೇ ಶಬ್ದಕ್ಕೆ ಎರಡರಷ್ಟು ವ್ಯಾಟ್ ಬೇಕು. ಚಾನೆಲ್‌ಗೆ ಇಪ್ಪತ್ತು, ಮೂವತ್ತು ವ್ಯಾಟ್ ಕೊಡುವ ರಿಸೀವರ್‌ಗೆ 90 ಡೆಸಿಬೆಲ್ ಅಥವಾ ಹೆಚ್ಚಿನ, 8 ಓಮಿನ ಸ್ಪೀಕರ್ ಹೊಂದುತ್ತದೆ. ಮನೆಯಲ್ಲಿರುವುದು 4 ಓಮಿನ ಸಣ್ಣ ಸ್ಪೀಕರಾದರೆ ಅದನ್ನೂ ಬದಲಿಸುವ ದುಡ್ಡು ತೆಗೆದಿಡಿ.

ಎಲ್ಲ ಸರಿಹೋಗಿ, ರಿಪೇರಿ ಮುಗಿಸಿ ಸೆಟ್ಟು ಮನೆಗೆ ಬಂದಾಗ ಮೊದಲ ಒಂದು ಗಂಟೆ ಪಕ್ಕದಲ್ಲೇ ಇರಿ. ಕೋಣೆಯ ದೀಪ ಆರಿಸಿ ನಾಲ್ಕೂ ಔಟ್‌ಪುಟ್ ವಾಲ್ವ್‌ಗಳನ್ನು ನೋಡಿ: ಮಧ್ಯದ ಫಿಲಮೆಂಟ್ ಕೆಂಪಗಿರುವುದು ಸಹಜ, ಸುತ್ತಲಿನ ಬೂದು ಪ್ಲೇಟ್ ಕೆಂಪಾದರೆ ತಕ್ಷಣ ಸ್ವಿಚ್ ಆರಿಸಬೇಕು. ಗಂಟೆಯ ಕೊನೆಗೆ ಸೆಟ್ಟು ಆರಿಸಿ, ಪ್ಲಗ್ ಕಿತ್ತು, ಪವರ್ ಟ್ರಾನ್ಸ್‌ಫಾರ್ಮರ್‌ನ ಹೊರಕವಚ ಮುಟ್ಟಿ. ಕೈ ಇಟ್ಟುಕೊಳ್ಳಲಾಗದಷ್ಟು ಸುಡುತ್ತಿದ್ದರೆ ಸ್ಟೆಪ್‌ಡೌನಿನಿಂದ ಬರುತ್ತಿರುವ ವೋಲ್ಟೇಜನ್ನು ಮೆಕ್ಯಾನಿಕ್‌ನಿಂದ ಅಳೆಸಿ, ಕಾರಣ ತಿಳಿಯುವವರೆಗೆ ಮತ್ತೆ ಹಾಕಬೇಡಿ.